ಚೈತ್ರಾಗೆ: ಮನೆ ಕಂದಾಯ ಬಾಕಿ ಇದ್ದರೆ ಕೆಲಸ ಹೋಗುತ್ತಾ? (ದೊಡ್ಡಪ್ಪನ ವಾಯ್ಸ್ ಮೆಸೇಜು, ಬರಹದಲ್ಲಿ)

ಹಲೋ... ಹಾಂ, ರೆಕಾರ್ಡ್ ಆಗ್ತಿದೆ. ಚೈತ್ರಾ, ನಿನ್ನ ಮೆಸೇಜ್ ನೋಡಿದೆ ಕಣಮ್ಮ. ಬೆಂಗಳೂರಿನ ಕಂಪನಿಯವರು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರಂ ಕಳಿಸಿದ್ದಾರೆ, ಅದೇ ವಾರ ತುಮಕೂರಿನ ಗುಬ್ಬಿ ಗೇಟ್ ಮನೆಗೆ ಪಾಲಿಕೆಯಿಂದ ಕಂದಾಯ ಬಾಕಿ ನೋಟಿಸು ಬಂದಿದೆ, ಇದರಿಂದ ಕೆಲಸಕ್ಕೆ ಕಲ್ಲು ಬೀಳುತ್ತಾ ಅಂತ ತಾನೇ ನೀನು ಕೇಳಿರೋದು? ಅಷ್ಟು ಹೊತ್ತಲ್ಲಿ ಹಾಕಿದೀಯ, ನಿದ್ದೆ ಬಂದಿಲ್ಲ ಅಂತ ಕಾಣುತ್ತೆ. ನಿಮ್ಮಪ್ಪ ಅದಕ್ಕೆ ಎರಡು ಕೈ ಮುಗಿಯೋ ಚಿತ್ರ ಹಾಕಿ ಸುಮ್ಮನಾಗಿದ್ದಾನೆ. ಸರಿ ಬಿಡು, ಅವನ ಸ್ವಭಾವ ಗೊತ್ತಿರೋದೇ.

ಮನೆ ವಿಚಾರ ಈ ಗ್ರೂಪಲ್ಲಿ ಯಾರಿಗೂ ಹೊಸದಲ್ಲ, ನಾನು ಮತ್ತೆ ಶುರು ಮಾಡಲ್ಲ. ಮೊದಲು ಒಂದು ಮಾತು ಕೇಳು. ನಾನು ಕಂದಾಯ ವಿಭಾಗದಲ್ಲಿದ್ದಾಗ ಒಬ್ಬ ಹುಡುಗನ ಕಡತ ನನ್ನ ಮೇಜಿನ ಮೇಲೇ ಓಡಾಡ್ತಿತ್ತು. ಊರಿನ ಹೆಸರು ಬೇಡ. ಅವರಪ್ಪ ಬಸ್ ಸ್ಟ್ಯಾಂಡ್ ಪಕ್ಕ ಬೇಕರಿ ಇಟ್ಟಿದ್ದರು, ಟ್ರೇಡ್ ಲೈಸೆನ್ಸ್ ಮಾತ್ರ ಮಗನ ಹೆಸರಲ್ಲಿ. ಹುಡುಗ ಓದ್ತಿದ್ದ, ಅಂಗಡಿ ಕಡೆ ತಲೆ ಹಾಕಿದವನೇ ಅಲ್ಲ. ಒಂದು ಮಾರ್ಚ್ ಮುಗಿದ ಮೇಲೆ ಲೈಸೆನ್ಸ್ ರಿನ್ಯೂವಲ್ ಮಾಡಿಸಲಿಲ್ಲ, ಮಳಿಗೆ ಕಂದಾಯವೂ ಕಟ್ಟಲಿಲ್ಲ. ಹೆಲ್ತ್ ಇನ್‌ಸ್ಪೆಕ್ಟರ್ ನೋಟಿಸು ಕಳಿಸಿದರೆ ಅವರಪ್ಪ ತಗೊಳ್ಳಲೇ ಇಲ್ಲ. 'ತಗೊಂಡರೆ ತಾನೇ ಕಟ್ಟಬೇಕು' ಅನ್ನೋ ಲೆಕ್ಕ. ನೋಟಿಸು ತಗೊಳ್ಳದೇ ಇದ್ದರೆ ಅವರೇನು ಬಿಡ್ತಾರಾ? ಬಾಗಿಲಿಗೆ ಅಂಟಿಸಿ, ಪಕ್ಕದವರ ಸಹಿ ಹಾಕಿಸಿ ಮಹಜರ್ ಬರೆದರೆ ಜಾರಿ ಆದಂಗೇ. ಲೈಸೆನ್ಸ್ ಇಲ್ಲದೆ ವ್ಯಾಪಾರ ಅಂತ ಜೆಎಂಎಫ್‌ಸಿ, ಅಂದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಹೋಯ್ತು. ಸಮನ್ಸ್ ಬಂತು, ಅದಕ್ಕೂ ಯಾರೂ ಹೋಗಲಿಲ್ಲ.

ಎರಡು ವರ್ಷದ ಮೇಲೆ ಆ ಹುಡುಗನಿಗೆ ಬ್ಯಾಂಕಲ್ಲಿ ಕೆಲಸ ಆಯ್ತು. ಕೆಲಸಕ್ಕೆ ಸೇರೋ ಮುಂಚೆ ನಮ್ಮ ಬಗ್ಗೆ ನಾವೇ ಬರೆದುಕೊಡೋ ಅಟೆಸ್ಟೇಶನ್ ಫಾರಂನಲ್ಲಿ ಒಂದು ಕಾಲಂ ಇರುತ್ತೆ, ನಿಮ್ಮ ಮೇಲೆ ಯಾವುದಾದರೂ ಕೇಸು ಬಾಕಿ ಇದೆಯೇ ಅಂತ. 'ಇಲ್ಲ' ಅಂತ ಬರೆದ. ಪೊಲೀಸ್ ವೆರಿಫಿಕೇಶನ್ ಆದಾಗ ಕೇಸ್ ನಂಬರ್ ಸಮೇತ ಎದುರಿಗೆ ಬಂತು. ಬಾಕಿ ಇದ್ದದ್ದು ಒಂದು ಮೊಬೈಲ್ ಫೋನಿನಷ್ಟೂ ಇಲ್ಲ. ಜಾಯ್ನಿಂಗ್ ನಿಂತಿದ್ದು ದುಡ್ಡಿಗಲ್ಲ, ಆ 'ಇಲ್ಲ' ಅನ್ನೋ ಒಂದು ಪದಕ್ಕೆ. ಆಮೇಲೆ ಕೋರ್ಟಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಆದರೆ ಒಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆ ಆದಂಗೇ ಲೆಕ್ಕ, ಮುಂದಿನ ಫಾರಂನಲ್ಲಿ 'ದಂಡ ವಿಧಿಸಲಾಗಿದೆಯೇ' ಅನ್ನೋ ಕಾಲಂಗೆ 'ಹೌದು' ಅಂತಲೇ ಬರೀಬೇಕು. ಇದು ಬಹಳ ಜನಕ್ಕೆ ಹೊಳೆಯಲ್ಲ, ಕೇಸು ಮುಗೀತಲ್ಲ ಅಂತ ಮತ್ತೆ 'ಇಲ್ಲ' ಬರೀತಾರೆ.

ಅದಕ್ಕೇ ಹೇಳೋದು ಚೈತ್ರಾ, ನೋಟಿಸು ವಾಪಸ್ ಕಳಿಸಬೇಡಿ, ಫಾರಂನಲ್ಲಿ ಸುಳ್ಳು 'ಇಲ್ಲ' ಬರೀಬೇಡಿ. 2016 ರಲ್ಲಿ ಸುಪ್ರೀಂ ಕೋರ್ಟು ಈ ಮುಚ್ಚಿಡೋ ವಿಷಯಕ್ಕೇ ಅಂತ ಮೂವರು ಜಡ್ಜುಗಳ ಪೀಠದಲ್ಲಿ ತೀರ್ಪು ಕೊಟ್ಟಿದೆ. ಸಣ್ಣಪುಟ್ಟ ಕೇಸಾದರೆ ಕೆಲಸ ಕೊಡೋರು ಮನ್ನಿಸಬಹುದು, ಆದರೆ ನೀನು ಕೊಟ್ಟ ಮಾಹಿತಿ ಮಾತ್ರ ನಿಜ ಇರಬೇಕು ಅಂತ.

ಈಗ ನಿನ್ನ ವಿಷಯ. ಮನೆ ಕಂದಾಯ ಬಾಕಿ ಅನ್ನೋದು ಸಿಬಿಲ್‌ಗೆ, ಅಂದ್ರೆ ಯಾರು ಸಾಲ ಸರಿಯಾಗಿ ಕಟ್ಟಿದ್ದಾರೆ ಅಂತ ದಾಖಲೆ ಇಡೋ ಕಂಪನಿಗೆ, ಹೋಗಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕಕ್ಕೂ ವರದಿ ಕೊಡೋರು ಬ್ಯಾಂಕು, ಫೈನಾನ್ಸ್ ಕಂಪನಿಗಳಂಥ ಸಾಲ ಕೊಡೋರು. ಪಾಲಿಕೆ, ಪಂಚಾಯಿತಿ ಅದರಲ್ಲಿ ಇಲ್ಲ. ಸಿಬಿಲ್ ನೋಡೋದು ಬ್ಯಾಂಕ್ ಕೆಲಸಕ್ಕೆ. ಸಾಲ ಕಟ್ಟದ ದಾಖಲೆ ಇದ್ದರೆ ಎಸ್‌ಬಿಐ ನೇಮಕ ರದ್ದು ಮಾಡುತ್ತೆ, 2025 ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನ ಎತ್ತಿಹಿಡೀತು. ನಿನ್ನದು ಸಾಫ್ಟ್‌ವೇರು. ಅವರು ನೋಡೋದು ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡು, ಹಳೇ ಕಂಪನಿಯ ಪಿಎಫ್ ನಂಬರು (ಯುಎಎನ್), ಅಡ್ರೆಸ್ಸು, ಕೋರ್ಟ್ ರೆಕಾರ್ಡು. ಇಷ್ಟರಲ್ಲಿ ಕಂದಾಯ ಎಲ್ಲಿ ಬಂತು? ಪಂಚಾಯಿತಿ ಎಲೆಕ್ಷನ್‌ಗೆ ನಿಲ್ಲೋರಿಗೆ ಬಾಕಿ ಇರಬಾರದು ಅಂತ ನಿಯಮ ಇದೆ, ಜನ ಅದನ್ನ ತಂದು ಇದಕ್ಕೆ ಅಂಟಿಸ್ತಾರೆ. ನಿನಗೆ ಹೆದರಿಸಿದ್ದು ಯಾರು ಅಂತ ನನಗೆ ಗೊತ್ತು, ಶಿರಾದವರು ತಾನೇ?

ಅದೂ ಅಲ್ಲದೆ ಮನೆ ಖಾತೆ ನಿನ್ನ ಹೆಸರಲ್ಲಿ ಇಲ್ಲ. ಡಿಮಾಂಡ್ ನೋಟಿಸು ಹೋಗೋದೂ, ಕೊನೆಗೆ ಜಪ್ತಿ ವಾರಂಟು ಬರೆಯೋದೂ ಖಾತೆದಾರನ ಹೆಸರಿಗೆ. ಖಾತೆದಾರ ಅಂದ್ರೆ ನಿಮ್ಮ ತಾತ. ಅವರನ್ನ ಯಾವ ಕಂಪನಿಯೂ ಕೆಲಸಕ್ಕೆ ತಗೊಳ್ತಿಲ್ಲ.

ಇಲ್ಲಿಗೆ ಬಂದಾಗ ನನಗೆ ಹೊಟ್ಟೆ ಉರಿಯುತ್ತೆ, ಹೇಳಿಬಿಡ್ತೀನಿ. ತಾತನ ತಿಥಿ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗಲೇ ಹೇಳಿದೆ: ಪೌತಿ ಖಾತೆ ಮಾಡಿಸೋಣ, ಅಂದ್ರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋಣ, ಮರಣ ಪ್ರಮಾಣ ಪತ್ರ ಇದೆ, ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸೋಣ, ಮನೆ ಮೇಲೆ ಸಾಲ-ಋಣ ಏನಿದೆ ಅಂತ ತೋರಿಸೋ ಇ.ಸಿ. ತೆಗೆಸೋಣ, ಎಲ್ಲರೂ ಬಂದು ಒಪ್ಪಿಗೆ ಪತ್ರಕ್ಕೆ ಒಂದು ಸಹಿ ಹಾಕಿ ಅಂತ. ಪಾಯಸ ಬಡಿಸೋ ಹೊತ್ತಿಗೆ ಎಲ್ಲರೂ ಹೂಂ ಅಂದ್ರಿ. ಆಮೇಲೆ ಒಬ್ಬರು ಹೊಸೂರು, ಒಬ್ಬರು ದುಬೈ, ಒಬ್ಬರಿಗೆ ಮಗಳ ಪರೀಕ್ಷೆ. ಅಂಗಳದ ಎರಡು ತೆಂಗಿನಮರದ ಕಾಯಿ ಲೆಕ್ಕ ಹಾಕೋಕೆ ಮಾತ್ರ ಯಾರಿಗೂ ಪರೀಕ್ಷೆ ಇರಲಿಲ್ಲ. ಹಿಂದಿನ ರೂಮು ಬಾಡಿಗೆಗೆ ಕೊಟ್ಟಿದೆ, ಆ ದುಡ್ಡು ಯಾರ ಕೈಗೆ ಹೋಗುತ್ತೆ ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ. ಆದರೆ ಬಾಡಿಗೆ ತಗೊಳ್ಳೋರು ಕಂದಾಯ ಕಟ್ಟಬೇಕು ಅನ್ನೋದಕ್ಕೆ ಕಾನೂನು ಓದಬೇಕಾ? ಇದನ್ನ ಯಾರು ಕೇಳಿಸ್ಕೋಬೇಕೋ ಅವರೂ ಈ ಗ್ರೂಪಲ್ಲೇ ಇದ್ದಾರೆ.

ದಂಡದ ಲೆಕ್ಕ ಗೊತ್ತಾ ನಿಮಗೆ? ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್ ಏನೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2 ದಂಡ. ವರ್ಷಕ್ಕೆ 3,000 ರೂಪಾಯಿ ಕಂದಾಯ ಅಂದುಕೊಳ್ಳಿ. ಒಂದು ವರ್ಷದ್ದು ಬಿಟ್ಟು, ಆಮೇಲೆ ಇನ್ನೂ ಮೂರು ವರ್ಷ ಹಾಗೇ ಬಿಟ್ಟರೆ, ಮೊದಲ ವರ್ಷ ಒಂಬತ್ತು ತಿಂಗಳು, ಮೇಲೆ ಮೂವತ್ತಾರು, ಒಟ್ಟು 45 ತಿಂಗಳು. ಶೇ. 90. ಆ ಒಂದೇ ವರ್ಷದ ಬಾಕಿಗೆ 2,700 ದಂಡ, ಹೆಚ್ಚುಕಮ್ಮಿ ಅಸಲೇ ಇನ್ನೊಂದು ಸಲ ಕಟ್ಟಿದಷ್ಟಾಯ್ತು. ಇದರ ಜೊತೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಲ್ಲ ಸೇರುತ್ತೆ. ಗ್ರಂಥಾಲಯ ಕರ ಕಟ್ಟೋ ಮನೇಲಿ ಒಬ್ಬರಾದರೂ ಲೈಬ್ರರಿ ಮೆಟ್ಟಿಲು ಹತ್ತಿದೀರಾ... ಇರಲಿ, ಎಲ್ಲಿಗೋ ಹೋದೆ.

ಇನ್ನೊಂದು ಸಲ ಹೇಳ್ತೀನಿ: ನೋಟಿಸು ವಾಪಸ್ ಕಳಿಸಬೇಡಿ, ಫಾರಂನಲ್ಲಿ ಸುಳ್ಳು 'ಇಲ್ಲ' ಬರೀಬೇಡಿ. ಆ ಹುಡುಗನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂಗಿದೆ.

ಅಯ್ಯೋ, ನೀನು ಏನು ಮಾಡಬೇಕು ಅನ್ನೋದೇ ಹೇಳಲಿಲ್ಲ ನೋಡು.

ಇವತ್ತೇ ಕೋರ್ಟ್ ಕೇಸುಗಳನ್ನ ಹುಡುಕೋ ಇ-ಕೋರ್ಟ್ಸ್ ವೆಬ್‌ಸೈಟಿಗೆ ಹೋಗಿ ನಿನ್ನ ಹೆಸರಲ್ಲಿ ಕೇಸೇನಾದರೂ ಇದೆಯಾ ನೋಡು. ಕೇಸ್ ಸ್ಟೇಟಸ್, ಕರ್ನಾಟಕ, ತುಮಕೂರು ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್, ಆಮೇಲೆ ಪಾರ್ಟಿ ನೇಮ್. ವರ್ಷ ಒಂದೊಂದೇ ಹಾಕಬೇಕು, ಎಲ್ಲ ವರ್ಷ ಒಟ್ಟಿಗೆ ಬರಲ್ಲ. ಪೆಂಡಿಂಗ್, ಡಿಸ್ಪೋಸ್ಡ್ ಎರಡೂ ನೋಡು. ನಿನ್ನ ಹೆಸರನ್ನ ಇಂಗ್ಲಿಷಿನಲ್ಲಿ ಎಷ್ಟು ಥರ ಬರೀತಾರೋ ಅಷ್ಟೂ ಥರ ಹಾಕಿ ನೋಡು, ವೆರಿಫಿಕೇಶನ್ ಮಾಡೋರೂ ಹೀಗೇ ಹೆಸರು ಹಾಕಿ ಹುಡುಕೋದು. ಅದೇ ಹೆಸರಿನ ಬೇರೆ ಯಾರದೋ ಕೇಸು ಸಿಕ್ಕಿದರೆ ಹೆದರಬೇಡ, ತಂದೆ ಹೆಸರು, ವಿಳಾಸ ಬೇರೆ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿದರೆ ಮುಗೀತು.

ಅಡ್ರೆಸ್ ಪ್ರೂಫ್‌ಗೆ ಕಂದಾಯದ ರಸೀದಿ ಕೊಡಬೇಡ. ಅದೂ ಒಂದು ಪುರಾವೆ ಅಂತ ತಗೊಳ್ತಾರೆ, ಆದರೆ ತಾತನ ಹೆಸರು ನೋಡಿ ಇದ್ಯಾರು ಅಂತ ತಿರುಗಿ ಕೇಳ್ತಾರೆ, ವಾರ ತಳ್ಳುತ್ತೆ. ನಿನ್ನ ಆಧಾರ್ ಕೊಡು. ಅದರಲ್ಲಿ ಹಳೇ ಡೋರ್ ನಂಬರ್ ಇದೆ, ಗೇಟಿನ ಮೇಲೆ ಹೊಸದಿದೆ. ಫಾರಂನಲ್ಲಿ ಎರಡನ್ನೂ ಬರಿ. ವೆರಿಫಿಕೇಶನ್‌ನವರು ಫೋನಿಗೆ ಲಿಂಕ್ ಕಳಿಸಿ, ಲೊಕೇಶನ್ ಆನ್ ಮಾಡಿಸಿ, ಗೇಟಿನ ಫೋಟೋ ತೆಗೆಸ್ತಾರೆ, ಅಲ್ಲಿ ನಂಬರ್ ಹೊಂದದೆ ಎಷ್ಟೋ ಜನರದ್ದು ನಿಲ್ಲುತ್ತೆ. ಆಚೆಮನೆ ಪದ್ಮಕ್ಕನಿಗೂ ಒಂದು ಮಾತು ಹೇಳಿಡು, ಯಾರಾದರೂ ಬಂದು ಕೇಳಿದರೆ 'ಆ ಮಗು ಮನೇಲಿ ಇರಲ್ಲ' ಅಂದುಬಿಟ್ಟಾಳು.

ನೋಟಿಸಿಗೆ ನಿಮ್ಮಪ್ಪ ಹೋಗಲಿ. ನೋಟಿಸಿನ ಮೇಲೆ ಪಿಐಡಿ ನಂಬರ್, ಅಂದ್ರೆ ಆಸ್ತಿಯ ಗುರುತಿನ ಸಂಖ್ಯೆ ಇರುತ್ತೆ. ಕಂದಾಯ ವಿಭಾಗದಲ್ಲಿ ಯಾವ ಯಾವ ವರ್ಷ ಬಾಕಿ ಅಂತ ಮೊದಲು ಬರೆಸಿಕೊಳ್ಳಲಿ. ಕಟ್ಟಿರೋ ವರ್ಷದ್ದೂ ಕೆಲವು ಸಲ ಕಂಪ್ಯೂಟರಿಗೆ ಏರಿರಲ್ಲ, ಆಗ ಹಳೇ ಬ್ಯಾಂಕ್ ಚಲನ್ ತೋರಿಸಿದರೆ ತೆಗೀತಾರೆ. ಉಳಿದಿದ್ದಕ್ಕೆ ಚಲನ್ ತೆಗೆದು ಕಟ್ಟಿ, ರಸೀದಿ ಜೆರಾಕ್ಸ್ ಲಗತ್ತಿಸಿ, ನೋಟಿಸ್ ನಂಬರ್ ಹಾಕಿ ಒಂದು ಪತ್ರ ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬರಲಿ. ಸೀಲು ಇಲ್ಲದೆ ಬರಬೇಡ ಅಂತ ಹೇಳು ಅವನಿಗೆ. ಪೌತಿ ಖಾತೆಗೂ ಕಂದಾಯ ಪೂರ್ತಿ ಕಟ್ಟಿರೋ ರಸೀದಿ ಬೇಕೇ ಬೇಕು, ಒಂದೇ ಓಡಾಟದಲ್ಲಿ ಎರಡೂ ಆಗುತ್ತೆ.

ಹಳೇ ಚಲನ್‌ಗಳು ದೇವರ ಮನೆ ಮೇಲಿನ ಅಟ್ಟದ ಕಬ್ಬಿಣದ ಪೆಟ್ಟಿಗೇಲಿವೆ, ಬೀಗದ ಕೈ ನಿಮ್ಮ ಅತ್ತೆ ಹತ್ತಿರ. ನನ್ನ ಪಾಲಿನ ದುಡ್ಡು ಈಗಲೇ ಫೋನ್‌ಪೇ ಮಾಡ್ತೀನಿ. ಉಳಿದವರು ಕೈ ಮುಗಿಯೋ ಚಿತ್ರ ಹಾಕೋ ಬದಲು ಅದನ್ನೇ ಮಾಡಿ.