ಪದಚರ್ಚೆ: ಕಿಲ್ಟ್ ಉಡುವುದೋ, ತೊಡುವುದೋ? ಅದನ್ನು ‘ಲಂಗ’ ಅನ್ನಬಹುದಾ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ನಾಮಪದ, ಒಂದು ಕ್ರಿಯಾಪದ. ಇವೆರಡರ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಸಣ್ಣ ವಿಷಯ ಅನ್ನಿಸಬಹುದು. ನನಗೆ ಮಾತ್ರ ಎರಡು ವಾರದಿಂದ ತಲೆಯಿಂದ ಹೋಗುತ್ತಿಲ್ಲ.

ಕಳೆದ ವರ್ಷ ಅಕ್ಕನ ಮಗನನ್ನು ನೋಡಿಕೊಂಡು ಬರೋಣ ಅಂತ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿದ್ದೆ. ಬಂದ ಮೇಲೆ ನಮ್ಮ ಕಡೆಯ ಒಂದು ಪತ್ರಿಕೆಗೆ ಎರಡು ಕಂತಿನ ಪ್ರವಾಸ ಬರಹ ಬರೆಯಲು ಒಪ್ಪಿಕೊಂಡೆ. ಮೊದಲ ಕಂತಿನಲ್ಲಿ ‘ಕಿಲ್ಟ್ ಉಟ್ಟ ಇಬ್ಬರು ಗಂಡಸರು ಬಸ್ಸಿಗೆ ಕಾಯುತ್ತಿದ್ದರು’ ಎಂಬ ಸಾಲು ಇತ್ತು. ಕಿಲ್ಟ್ ಅಂದರೆ ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮಂಡಿಯವರೆಗೆ ಬರುವ ನೆರಿಗೆಯ ಉಣ್ಣೆ ಬಟ್ಟೆ. ಅಚ್ಚಾಗಿ ಬಂದಾಗ ಅದು ‘ಲಂಗ ತೊಟ್ಟ ಇಬ್ಬರು ಪುರುಷರು’ ಆಗಿತ್ತು. ಫೋನ್ ಮಾಡಿ ಕೇಳಿದೆ. ಪುಟ ನೋಡಿಕೊಳ್ಳುವ ಹುಡುಗ ಮರ್ಯಾದೆಯಿಂದಲೇ ಹೇಳಿದ: ‘ಮೇಡಂ, ಕಿಲ್ಟ್ ಅಂದ್ರೆ ಓದುಗರಿಗೆ ಗೊತ್ತಾಗಲ್ಲ, ಲಂಗ ಅಂದ್ರೆ ತಕ್ಷಣ ಗೊತ್ತಾಗತ್ತೆ. ಮತ್ತೆ ಅದು ಹೊಲಿದ ಬಟ್ಟೆ ಅಲ್ವಾ, ಅದಕ್ಕೇ ತೊಟ್ಟ ಅಂತ ಮಾಡಿದ್ವಿ.’

ಅವನ ಎರಡನೇ ಮಾತಿನಲ್ಲಿ ಹುರುಳಿದೆ. ಅದರಿಂದಲೇ ಶುರು ಮಾಡುತ್ತೇನೆ.

ಮೈಮೇಲೆ ಹಾಕಿಕೊಳ್ಳುವ ಒಂದೊಂದಕ್ಕೂ ಕನ್ನಡದಲ್ಲಿ ಒಂದೊಂದು ಕ್ರಿಯಾಪದ ಇದೆ. ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ಪೇಟ ಸುತ್ತುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ‘ಉಡುಗೆ ತೊಡುಗೆ’ ಅಂತ ಜೋಡಿಯಾಗಿ ಹೇಳುವುದೇ ಅವೆರಡೂ ಬೇರೆ ಬೇರೆ ಅಂತ. ಈಗ ಪತ್ರಿಕೆಗಳಲ್ಲಿ ಎಲ್ಲಕ್ಕೂ ‘ಧರಿಸು’ ಬಂದು ಕೂತಿದೆ. ಪಂಚೆ ಧರಿಸಿದರು, ಅಂಗಿ ಧರಿಸಿದರು, ಚಪ್ಪಲಿ ಧರಿಸಿದರು. ನನಗೆ ಅದು ತುಂಬಾ ನೋವಿನ ವಿಷಯ. ಇಷ್ಟು ಪದ ಇಟ್ಟುಕೊಂಡು ಒಂದರಲ್ಲೇ ಕೆಲಸ ಮುಗಿಸುವುದು ಯಾಕೆ?

ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು: ಹೊಲಿಗೆ ಇಲ್ಲದ ಬಟ್ಟೆಗೆ ಉಡು, ಹೊಲಿದ ಬಟ್ಟೆಗೆ ತೊಡು. ಆದರೆ ಬಳೆ ತೊಡುತ್ತೇವೆ, ಉಂಗುರ ತೊಡುತ್ತೇವೆ. ಅದರಲ್ಲಿ ಹೊಲಿಗೆ ಎಲ್ಲಿದೆ? ಇನ್ನು ಕರಾವಳಿಯಲ್ಲಿ ಲುಂಗಿಯ ಎರಡು ಅಂಚು ಸೇರಿಸಿ ಹೊಲಿದು ಚೀಲದ ಹಾಗೆ ಮಾಡಿಕೊಳ್ಳುತ್ತಾರೆ. ಅದನ್ನೂ ಉಡುವುದು, ಕಟ್ಟುವುದು ಅಂತಲೇ ಹೇಳುತ್ತಾರೆ, ತೊಡುವುದು ಅನ್ನುವುದಿಲ್ಲ. ಹಾಗಾಗಿ ನನಗೆ ಅನ್ನಿಸುವುದು ಇಷ್ಟು: ಕೈಯೋ ಕಾಲೋ ಬೆರಳೋ ಒಳಗೆ ತೂರಿಸುವುದಾದರೆ ತೊಡು, ಸೊಂಟಕ್ಕೆ ಸುತ್ತಿ ನಿಲ್ಲಿಸುವುದಾದರೆ ಉಡು. ಸೂಜಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಸರಿಯಾ? ಲಂಗದ ವಿಷಯಕ್ಕೆ ಬಂದರೆ ನನಗೇ ಗೊಂದಲ. ‘ಲಂಗ ಉಟ್ಟ ಹುಡುಗಿ’ ಅಂತಲೂ ಕೇಳಿದ್ದೇನೆ, ‘ಲಂಗ ತೊಟ್ಟ ಹುಡುಗಿ’ ಅಂತಲೂ ಕೇಳಿದ್ದೇನೆ.

ಈಗ ಕಿಲ್ಟ್ ವಿಷಯ. ನಾನು ಅಲ್ಲಿದ್ದಾಗ ಅಕ್ಕನ ಮಗ ಸ್ನೇಹಿತನ ಮದುವೆಗೆ ಹೊರಟಿದ್ದ. ಬಾಡಿಗೆಗೆ ತಂದ ಕಿಲ್ಟ್ ಸೋಫಾ ಮೇಲೆ ಬಿಡಿಸಿಟ್ಟಿದ್ದ. ಎತ್ತಿ ನೋಡಿದೆ, ಕಂಬಳಿಯಷ್ಟು ಭಾರ! ಉಣ್ಣೆ ಬಟ್ಟೆ, ದೊಡ್ಡ ಚೌಕಳಿ. ಅದನ್ನು ತಲೆಯಿಂದ ಇಳಿಸಿಕೊಳ್ಳುವುದೂ ಇಲ್ಲ, ಕಾಲಿನಿಂದ ಏರಿಸುವುದೂ ಇಲ್ಲ. ಬೆನ್ನ ಹಿಂದಿನಿಂದ ಸೊಂಟಕ್ಕೆ ಸುತ್ತಿಕೊಂಡ. ಒಳಗಿನ ಸೆರಗಿನ ಪಟ್ಟಿಯನ್ನು ಎಡಗಡೆಯ ಸೀಳಿನಿಂದ ಹೊರಗೆ ಎಳೆದು ಬಕಲ್ ಹಾಕಿದ. ಹೊರಗಿನ ಸೆರಗನ್ನು ಅದರ ಮೇಲೆ ತಂದು ಬಲಗಡೆ ಬಿಗಿದ. ಬಲಬದಿಯ ಕೆಳಮೂಲೆಗೆ ಒಂದು ಪಿನ್ನು. ಆ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕಂತೆ, ಎರಡೂ ಪದರ ಸೇರಿಸಿ ಚುಚ್ಚಿದರೆ ನಡೆಯುವಾಗ ಬಟ್ಟೆ ಎಳೆಯುತ್ತದೆ. ಮುಂದೆ ಸಪಾಟು, ನೆರಿಗೆಯೆಲ್ಲ ಹಿಂದೆ ಮತ್ತು ಪಕ್ಕದಲ್ಲಿ. ಜೇಬಿಲ್ಲದ ಕಾರಣ ಹೊಟ್ಟೆಯ ಕೆಳಗೆ ಸರಪಳಿಯಲ್ಲಿ ಒಂದು ಚರ್ಮದ ಚೀಲ, ಅದರ ಹೆಸರು ಸ್ಪೋರನ್. ಕೊನೆಗೆ ಮಂಡಿಯೂರಿ ಕೂತು ಅಂಚು ಎಲ್ಲಿಗೆ ಬರುತ್ತದೆ ಅಂತ ನೋಡಿಕೊಂಡ.

ಪದ್ಧತಿ ಪ್ರಕಾರ ಹೊಲಿಸಿದ ಕಿಲ್ಟಿಗೆ 8 ಗಜ ಬಟ್ಟೆ ಹಿಡಿಯುತ್ತದೆ, ಏಳು ಮೀಟರಿಗೂ ಜಾಸ್ತಿ. ನಮ್ಮ ಸೀರೆಗಿಂತ ಉದ್ದ. ಪನ್ನ, ಅಂದರೆ ಅಗಲ, ಮಾತ್ರ ಹೆಚ್ಚುಕಡಿಮೆ ಅರ್ಧ. ಅಗಲದ ಬಟ್ಟೆಯಾದರೆ 4 ಗಜ ತಂದು ಉದ್ದಕ್ಕೆ ಸೀಳಿ ಜೋಡಿಸುತ್ತಾರೆ.

ಇದನ್ನು ಕಣ್ಣಾರೆ ನೋಡಿದವಳಿಗೆ ‘ತೊಟ್ಟ’ ಅನ್ನಲು ಬಾಯಿ ಬರುವುದಿಲ್ಲ. ಅವನು ಉಟ್ಟ. ನಮ್ಮ ಅಪ್ಪಯ್ಯ ಅಡ್ಡಪಂಚೆ ಉಟ್ಟ ಹಾಗೇ ಉಟ್ಟ. ಗಂಟಿನ ಬದಲು ಬಕಲ್, ಅಷ್ಟೆ ವ್ಯತ್ಯಾಸ.

ಊರಿಗೆ ಬಂದು ಆ ಪದದ ಬೇರು ಹುಡುಕಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡಬೇಕು ಅಂತಲೇ ಈ ಪತ್ರ ಇಷ್ಟು ಉದ್ದ ಆಗಿದೆ. ಕಿಲ್ಟ್ ಮೊದಲು ಬಟ್ಟೆಯ ಹೆಸರೇ ಅಲ್ಲ. ಅದು ಕ್ರಿಯಾಪದ. ಬಟ್ಟೆಯನ್ನು ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸು ಅಂತ ಅರ್ಥ. ಡೆನ್ಮಾರ್ಕ್, ನಾರ್ವೆ ಕಡೆಯಿಂದ ಬಂದ ಪದ. ಡೇನಿಷ್ ಭಾಷೆಯಲ್ಲಿ ಇಂದಿಗೂ ‘ಕಿಲ್ಟೆ’ ಅಂದರೆ ಎತ್ತಿ ಕಟ್ಟುವುದು. ಹಳೆಯ ನಾರ್ಸ್ ಭಾಷೆಯ ‘ಕ್ಯಲ್ತ’ ಎಂಬ ಪದಕ್ಕೆ ಮಡಿಲು, ಮುಂದೆ ಎತ್ತಿ ಹಿಡಿದ ಬಟ್ಟೆಯ ಮಡಿಕೆ ಎಂಬ ಅರ್ಥ ಇದೆ.

ಇದನ್ನು ಓದಿದಾಗ ನನಗೆ ಮೈ ಜುಮ್ ಅಂದಿತು. ಯಾಕೆ ಅಂದರೆ ನಮ್ಮಲ್ಲೂ ಅದೇ ನೆಂಟಸ್ತಿಕೆ ಇದೆ. ಉತ್ತರ ಕರ್ನಾಟಕದಲ್ಲಿ ‘ಉಡಿ ತುಂಬುವುದು’, ನಮ್ಮ ಕಡೆ ‘ಮಡಿಲು ತುಂಬುವುದು’. ಉಡಿ ಅನ್ನುವುದು ಉಡು ಧಾತುವಿನ ಮಗ್ಗುಲಲ್ಲೇ ಕೂತಿದೆ. ಮಡಿಲು ಅನ್ನುವುದು ‘ಮಡಿ’ಯ ನೆಂಟ ಇರಬೇಕು, ತಮಿಳಿನಲ್ಲಿ ‘ಮಡಿ’ ಅಂದರೆ ಮಡಚುವುದೂ ಹೌದು, ಮಡಿಲೂ ಹೌದು. ಬಟ್ಟೆಯ ಮಡಿಕೆ, ತಾಯಿಯ ತೊಡೆ, ಎರಡಕ್ಕೂ ಒಂದೇ ಪದ. ಅಲ್ಲೂ ಹಾಗೆ, ಇಲ್ಲೂ ಹಾಗೆ.

ಎತ್ತಿ ಕಟ್ಟುವುದು ಅಂದಾಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ನೆನಪಾಗುತ್ತದೆ. ಮಳೆಗಾಲದಲ್ಲಿ ಅಪ್ಪಯ್ಯ ಸಂಕದ ಹತ್ತಿರ ಬರುತ್ತಿದ್ದ ಹಾಗೆ ಕಾಲಿನ ಹಿಮ್ಮಡಿಯಿಂದ ಪಂಚೆಯ ಅಂಚನ್ನು ಹಿಂದಕ್ಕೆ ಚಿಮ್ಮಿ, ಬಗ್ಗದೆ ಕೈಯಲ್ಲಿ ಹಿಡಿದು, ಒಂದೇ ಸಲಕ್ಕೆ ಮಂಡಿಯ ಮೇಲೆ ಕಟ್ಟುತ್ತಿದ್ದರು. ಆಚೆ ದಡದಲ್ಲಿ ಯಾರಾದರೂ ಹಿರಿಯರು ಕಂಡರೆ ದಾಟಿದ ತಕ್ಷಣ ಇಳಿಸಿಬಿಡುತ್ತಿದ್ದರು. ಮಂಡಿಯ ಮೇಲೆ ಕಟ್ಟಿದ್ದ ಆ ಪಂಚೆಯೇ ಮೂಲ ಅರ್ಥದಲ್ಲಿ ಕಿಲ್ಟ್. ನಮ್ಮ ‘ಟೊಂಕ ಕಟ್ಟಿ ನಿಲ್ಲು’ ಕೂಡ ಇದೇ ಜಾತಿಯ ಮಾತು.

ಸ್ಕಾಟ್ಲೆಂಡಿನ ಹೈಲ್ಯಾಂಡ್ ಜನ, ಅಂದರೆ ಗುಡ್ಡಗಾಡಿನವರು, ತಮ್ಮ ಗೇಲಿಕ್ ಭಾಷೆಯಲ್ಲಿ ಇದನ್ನು ಕಿಲ್ಟ್ ಅನ್ನುವುದೇ ಇಲ್ಲ. ಅವರ ಪದ ಕಿವಿಗೆ ಹೆಚ್ಚುಕಡಿಮೆ ‘ಫೇಲ’ ಅಂತ ಕೇಳುತ್ತದೆ. ಮೊದಲು ಇದ್ದದ್ದು ‘ಫೇಲ ಮೋರ್’, ದೊಡ್ಡದು. 16ನೇ ಶತಮಾನದ ಕೊನೆಯ ಹೊತ್ತಿಗೆ ಅದು ಬಳಕೆಯಲ್ಲಿತ್ತು. ಉದ್ದದ ಕಂಬಳಿ, ಹೊಲಿಗೆ ಇಲ್ಲ. ನೆರಿಗೆ ಹಿಡಿದು ಸೊಂಟಕ್ಕೆ ಬೆಲ್ಟ್ ಬಿಗಿದು ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುವುದು, ರಾತ್ರಿ ಅದನ್ನೇ ಹೊದೆದು ಮಲಗುವುದು. ಆಮೇಲೆ 18ನೇ ಶತಮಾನದಲ್ಲಿ ಸೊಂಟದ ಕೆಳಗಿನ ಭಾಗ ಮಾತ್ರ ಉಳಿದು ‘ಫೇಲ ಬೆಗ್’, ಅಂದರೆ ಚಿಕ್ಕದು, ಆಯಿತು. ಹೊಲಿಗೆ ಬಂದದ್ದು ಆಮೇಲೆ. ಹೊಲಿಯುವುದಕ್ಕೂ ಮುಂಚೆ ಉಡುತ್ತಿದ್ದರು ಅಂದಮೇಲೆ ಹೊಲಿದ ಮೇಲೆ ತೊಡುವುದು ಹೇಗಾಗುತ್ತದೆ?

ಇದು ಅವರಿಗೆ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಒಂದು ಕಾನೂನೇ ಸಾಕ್ಷಿ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಹೈಲ್ಯಾಂಡಿನ ಬಂಡಾಯ ಮುರಿದುಬಿತ್ತು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಗಂಡಸರು, ಹುಡುಗರು ಆ ಉಡುಪು ಹಾಕುವುದನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಜೈಲು. ಎರಡನೇ ಸಲಕ್ಕೆ 7 ವರ್ಷ ಕಡಲಾಚೆಗೆ ಗಡಿಪಾರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ನಿಷೇಧ ತೆಗೆದದ್ದು 1782ರಲ್ಲಿ. ಆ ಕಾನೂನಿನ ಪಠ್ಯದಲ್ಲಿ ‘ಫಿಲಿಬೆಗ್ ಅಥವಾ ಚಿಕ್ಕ ಕಿಲ್ಟ್’ ಅಂತ ಎರಡು ಹೆಸರೂ ಇವೆ. ಗೇಲಿಕ್ ಪದ ಒಂದು, ಇಂಗ್ಲಿಷಿನವರಿಗೆ ತಿಳಿಯುವ ಪದ ಒಂದು. ನಮ್ಮ ಪತ್ರಿಕೆಯ ಹುಡುಗನಿಗೆ ಬಂದ ಕಷ್ಟವೇ ಕಾನೂನು ಬರೆದವರಿಗೂ ಬಂದಿತ್ತು. ಆದರೆ ಅವರು ಮೂಲ ಹೆಸರನ್ನು ತೆಗೆದುಹಾಕಲಿಲ್ಲ.

ಹೀಗೆ ಜೈಲಿಗೆ ಹೋಗಿಯೂ ಬಿಡದ ಬಟ್ಟೆಯನ್ನು ‘ಲಂಗ’ ಅಂದುಬಿಟ್ಟರೆ ಏನಾಗುತ್ತದೆ? ನಮ್ಮ ಓದುಗರು ನಗುತ್ತಾರೆ. ಕನ್ನಡದಲ್ಲಿ ಲಂಗ ಅಂದ ತಕ್ಷಣ ಕಣ್ಣಿಗೆ ಬರುವುದು ಸಣ್ಣ ಹುಡುಗಿಯ ಜರಿ ಲಂಗ, ಇಲ್ಲವೇ ಸೀರೆಯ ಒಳಗಿನ ಲಂಗ. ಉತ್ತರದ ಕಡೆಯ ‘ಪರಕಾರ’ಕ್ಕೂ ಇದೇ ಗತಿ. ಬಸ್ಸಿಗೆ ಕಾಯುತ್ತಿದ್ದ ಆ ಇಬ್ಬರು ನಗಿಸುವುದಕ್ಕೆ ಬಂದವರಲ್ಲ. ಸುಮ್ನೆ ಕೆಲಸ ಮುಗಿಸಿ ಮನೆಗೆ ಹೊರಟವರು. ‘ಚಿಕ್ಕಮ್ಮ, ಇಲ್ಲಿ ಯಾರ ಹತ್ತಿರನೂ ಅದನ್ನ ಸ್ಕರ್ಟ್ ಅನ್ನಬೇಡ, ಬೇಜಾರು ಮಾಡ್ಕೋತಾರೆ’ ಅಂತ ಅಕ್ಕನ ಮಗ ಮೊದಲ ದಿನವೇ ಹೇಳಿದ್ದ.

ಹಾಗಂತ ಗಂಡಸು ಲಂಗ ಹಾಕಿದರೆ ಲಂಗ ಅನ್ನಲೇಬಾರದು ಅಂತ ನನ್ನ ವಾದ ಅಲ್ಲ. 2013ರ ಬೇಸಿಗೆಯಲ್ಲಿ ಸ್ಟಾಕ್‌ಹೋಮಿನ ಕೆಲವು ರೈಲು ಚಾಲಕರು ಸ್ಕರ್ಟ್ ಹಾಕಿಕೊಂಡು ಕೆಲಸಕ್ಕೆ ಬಂದರು. ಸೆಕೆ ಜಾಸ್ತಿ, ಚಡ್ಡಿಗೆ ಅವಕಾಶ ಇಲ್ಲ, ಆದರೆ ಸಮವಸ್ತ್ರದಲ್ಲಿ ಸ್ಕರ್ಟ್ ಇತ್ತು. 2017ರಲ್ಲಿ ಫ್ರಾನ್ಸಿನ ನಾಂತ್ ಊರಿನ ಬಸ್ ಚಾಲಕರೂ ಇದೇ ಕಾರಣಕ್ಕೆ ಇದನ್ನೇ ಮಾಡಿದರು. ಅವರು ಹಾಕಿದ್ದು ಸ್ಕರ್ಟೇ. ಅಲ್ಲಿ ಸ್ಕರ್ಟ್ ಅಂತಲೋ ಲಂಗ ಅಂತಲೋ ಬರೆಯುವುದೇ ಸರಿ. ‘ಹೆಂಗಸರ’ ಅಂತ ಮುಂದೆ ಒಂದು ಪದ ಸೇರಿಸುವ ಅಗತ್ಯವೂ ನನಗೆ ಕಾಣುವುದಿಲ್ಲ. ಅಂದಹಾಗೆ ಇಂಗ್ಲಿಷಿನ ಸ್ಕರ್ಟ್ ಮತ್ತು ಶರ್ಟ್ ಒಂದೇ ಬೇರಿನ ಅಕ್ಕತಂಗಿಯರು. ಸ್ಕರ್ಟಿನ ಮೂಲವಾದ ನಾರ್ಸ್ ಪದಕ್ಕೆ ಅಂಗಿ ಅಂತಲೇ ಅರ್ಥ. ಗಂಡು ಹೆಣ್ಣು ಅನ್ನುವ ಗೆರೆ ಆ ಪದದಲ್ಲಿ ಹುಟ್ಟಿನಿಂದ ಇರಲಿಲ್ಲ.

ನನ್ನ ಇನ್ನೊಂದು ಕೊರತೆ, ಇವೆಲ್ಲಕ್ಕೂ ಸೇರಿ ಒಂದು ಹೆಸರಿಲ್ಲದ್ದು. ಫಿಜಿಯ ಪೊಲೀಸರು ಡ್ಯೂಟಿ ಮೇಲೆ ಉಡುವ ಬಿಳಿ ‘ಸುಲು’, ಬರ್ಮಾದ ‘ಲೋಂಜಿ’, ಗ್ರೀಸಿನ ಕಾವಲುಗಾರರ ನೂರಾರು ನೆರಿಗೆಯ ‘ಫುಸ್ತನೆಲ್ಲ’, ಸಿಂಹಳದ ‘ಸರೋಂಗ್’, ನಮ್ಮ ಅಡ್ಡಪಂಚೆ, ಲುಂಗಿ. ಕಾಲಿನ ಮಧ್ಯೆ ಸೀಳಿಲ್ಲದ, ಸೊಂಟದಿಂದ ಇಳಿಬಿಟ್ಟ ಉಡುಪು. ಕಚ್ಚೆಪಂಚೆ ಇದರಲ್ಲಿ ಸೇರುವುದಿಲ್ಲ, ವೀರಗಾಸೆಯ ಕಾಸೆಯೂ ಸೇರುವುದಿಲ್ಲ. ಮಲಯಾಳದಲ್ಲಿ ‘ಮುಂಡು’ ಗಂಡಸರಿಗೂ ಹೆಂಗಸರಿಗೂ ಒಂದೇ ಪದ. ನಮ್ಮಲ್ಲಿ ಅಂಥದ್ದು ಇದೆಯಾ? ‘ಸುತ್ತುಡುಗೆ’ ಅಂತ ಒಂದು ಪದ ನನ್ನ ನಾಲಗೆಯ ಮೇಲೆ ಬಂದಿದೆ. ಸುತ್ತಿ ಉಡುವ ಉಡುಗೆ. ಇದು ನಾನೇ ಕಟ್ಟಿಕೊಂಡದ್ದೋ, ಯಾರಾದರೂ ಮೊದಲೇ ಬಳಸಿದ್ದಾರೋ, ಗೊತ್ತಿದ್ದವರು ಹೇಳಿ.

ಪದ ಸರಿಯಾಗಿರಬೇಕು ಅಂತ ಇಷ್ಟು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣ ಇದೆ. 2024ರ ಜುಲೈಯಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ಮಗನ ಜೊತೆ ಸಿನಿಮಾ ನೋಡಲು ಬಂದಿದ್ದ ಹಿರಿಯರು. ಹತ್ತು ವರ್ಷ ಮುಂಚೆ ಚೆನ್ನೈನ ಕ್ಲಬ್ ಒಂದು ವೇಷ್ಟಿ ಉಟ್ಟ ನ್ಯಾಯಾಧೀಶರನ್ನೇ ಒಳಗೆ ಬಿಡದಿದ್ದಾಗ ತಮಿಳುನಾಡು ಅದರ ವಿರುದ್ಧ ಕಾನೂನೇ ಮಾಡಿತು. ಪ್ಯಾಂಟ್ ಅಲ್ಲದ್ದನ್ನು ಉಟ್ಟ ಗಂಡಸನ್ನು ಬೇರೆ ಕಣ್ಣಿನಿಂದ ನೋಡುವುದು ನಮ್ಮಲ್ಲೂ ಶುರುವಾಗಿದೆ. ಹೀಗಿರುವಾಗ ಗ್ಲಾಸ್ಗೋದ ಗಂಡಸನ್ನು ‘ಲಂಗ ತೊಟ್ಟವನು’ ಅಂದರೆ ಅವನು ನಮಗೆ ಅಪರಿಚಿತ. ‘ಕಿಲ್ಟ್ ಉಟ್ಟವನು’ ಅಂದರೆ ಅವನು ನಮ್ಮ ಅಪ್ಪಯ್ಯನ ಪಕ್ಕದಲ್ಲಿ ನಿಲ್ಲುತ್ತಾನೆ.

ಹಾಗಾಗಿ ಎರಡನೇ ಕಂತಿನಲ್ಲಿ ಕಿಲ್ಟ್ ಪದವನ್ನೇ ಇಟ್ಟುಕೊಂಡು, ಮೊದಲ ಸಲ ಬಂದಾಗ ‘ಮಂಡಿಯವರೆಗಿನ, ಹಿಂದೆ ನೆರಿಗೆಯ ಉಣ್ಣೆ ಪಂಚೆ’ ಅಂತ ಒಂದು ಮಾತು ಸೇರಿಸಿ, ಉದ್ದಕ್ಕೂ ‘ಉಡು’ ಬಳಸೋಣ ಅಂತಿದ್ದೇನೆ. ‘ಉಣ್ಣೆ ಪಂಚೆ’ ಸರಿ ಹೊಂದುತ್ತದಾ, ಅಥವಾ ಪಂಚೆ ಅಂದರೆ ಹತ್ತಿಯದೇ, ಬಿಳಿಯದೇ ಅಂತ ಓದುಗರಿಗೆ ಅಡ್ಡ ಬರುತ್ತದಾ? ಕೊಡಗಿನವರು ಒಂದು ಹೇಳಬೇಕು: ಮಂಡಿಯವರೆಗೆ ಬರುವ ನಿಲುವಂಗಿ ಕುಪ್ಯಕ್ಕೆ, ಅದರ ಮೇಲಿನ ಸೊಂಟಪಟ್ಟಿ ಚೇಲೆಗೆ ನಿಮ್ಮ ಮನೆಯಲ್ಲಿ ಯಾವ ಕ್ರಿಯಾಪದ ಬಳಸುತ್ತೀರಿ? ಧೋತರ ಅನ್ನುವ ಕಡೆಯವರು ಉಟ್ಟುಕೊಳ್ಳುವುದು ಅನ್ನುತ್ತೀರಾ, ಸುತ್ತಿಕೊಳ್ಳುವುದು ಅನ್ನುತ್ತೀರಾ? ಮತ್ತೆ ಲಂಗಕ್ಕೆ ನಿಮ್ಮ ಅಮ್ಮ, ಅಜ್ಜಿ ಏನು ಹೇಳುತ್ತಿದ್ದರು, ಉಡು ಅಂತಲೋ, ಹಾಕ್ಕೋ ಅಂತಲೋ? ಅವರು ಹೇಳುತ್ತಿದ್ದ ವಾಕ್ಯವನ್ನೇ ಹಾಗೆಯೇ ಬರೆದು ಕಳಿಸಿದರೆ ನನಗೆ ಹೆಚ್ಚು ಉಪಯೋಗ.

ಬರಹ ಶುಕ್ರವಾರ ಕಳಿಸಬೇಕು. ಅದರೊಳಗೆ ಉತ್ತರ ಬಂದರೆ ಆ ಹುಡುಗನಿಗೂ ಎಲ್ಲವನ್ನೂ ಓದಿ ಹೇಳುತ್ತೇನೆ. ಕೇಳಿಸಿಕೊಳ್ಳುವ ಹುಡುಗ ಅವನು.