ಅಪ್‌ಡೇಟ್: ಮುಟ್ಟು ನಿಂತ ನಂತರದ ಹಾರ್ಮೋನ್ ಚಿಕಿತ್ಸೆ

ಮುಟ್ಟು ನಿಂತ ಮೇಲೆ ಮೈ ಬಿಸಿಯೇರಿ ಬೆವರುವುದಕ್ಕೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಹಾರ್ಮೋನ್‌ಗಳ ಮಾತ್ರೆಗಳು ಸುರಕ್ಷಿತವೇ ಎಂದು ಕಳೆದ ತಿಂಗಳು ಕೇಳಿದ್ದೆ. ನಿಮ್ಮೆಲ್ಲರ ಸಲಹೆಯಂತೆ ಜಯನಗರದ ಸ್ತ್ರೀರೋಗ ತಜ್ಞೆಯೊಬ್ಬರನ್ನು ಕಂಡೆ. ನನ್ನ ತಾಯಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತೆಂಬುದನ್ನು ನಾನು ಆಗ ಬರೆದೇ ಇರಲಿಲ್ಲ. ವೈದ್ಯೆಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ. ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತನ್ನು ಹಾದು, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುವುದರಿಂದ, ಅದರ ಮಾತ್ರೆಯ ಬದಲು ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಬರೆದುಕೊಟ್ಟರು. ಗರ್ಭಕೋಶವಿರುವ ನಾನು ಪ್ರೊಜೆಸ್ಟಿನ್ ಮಾತ್ರೆಯನ್ನು ತಪ್ಪಿಸುವಂತಿಲ್ಲ, ಏಕೆಂದರೆ ಈಸ್ಟ್ರೋಜನ್ ಒಂದನ್ನೇ ಬಳಸಿದರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಎರಡನ್ನೂ ವರ್ಷಗಟ್ಟಲೆ ಸೇವಿಸಿದರೆ ಸ್ತನ ಕ್ಯಾನ್ಸರ್‌ನ ಅಪಾಯ ತುಸು ಏರುವುದರಿಂದ ಮೊದಲೇ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಮಾಡಿಸಿದೆ. ಒಂದೇ ಕಾಲು ಊದಿಕೊಂಡರೆ, ಎದೆನೋವು ಅಥವಾ ಏದುಸಿರು ಕಾಣಿಸಿಕೊಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಬರಬೇಕೆಂದು ಅವರು ಎರಡು ಬಾರಿ ಹೇಳಿದರು. ಮೂರು ತಿಂಗಳ ನಂತರ ಮತ್ತೆ ತಪಾಸಣೆಯಿದೆ.