ಬರಿಗಾಲು, ಬೂಟು ಮತ್ತು ತಪ್ಪಿಹೋದ ಬ್ರೆಜಿಲ್: ಭಾರತ ಫುಟ್‌ಬಾಲ್ ತಂಡದ ಬಗ್ಗೆ ಕೇಳಿ

ಈ ವಾರ ಉತ್ತರಿಸುತ್ತಿರುವವರು ನಮ್ಮ ಗುಂಪಿನಲ್ಲೇ ಇರುವ ಹಿರಿಯ ಕ್ರೀಡಾ ವರದಿಗಾರರು. ಕ್ಲಬ್ ಜಗಳ ಬೇಡ, ರಾಷ್ಟ್ರೀಯ ತಂಡದ ಬಗ್ಗೆ ಮಾತ್ರ ಕೇಳಿ.

ಪ್ರಶ್ನೆ (ಪದವಿ ವಿದ್ಯಾರ್ಥಿ): ನಮಸ್ಕಾರ ಸರ್. 1950ರ ವಿಶ್ವಕಪ್‌ಗೆ ಭಾರತ ಆಯ್ಕೆಯಾಗಿತ್ತು, ಬರಿಗಾಲಲ್ಲೇ ಆಡ್ತೀವಿ ಅಂದಿದ್ದಕ್ಕೆ ಫಿಫಾ ಒಪ್ಪಲಿಲ್ಲ ಅಂತ ನಮ್ಮ ಮಾವ ಯಾವಾಗಲೂ ಹೇಳ್ತಾರೆ. ಕಾಲೇಜಿನ ಕ್ವಿಜ್‌ನಲ್ಲೂ ಇದನ್ನೇ ಸರಿ ಉತ್ತರ ಅಂದರು. ನಿಜನಾ?

ಉತ್ತರ: ನಿಮ್ಮ ಮಾವನನ್ನು ಬೈಯಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಕತೆಯನ್ನು ಚೆಂದಗೆ ಬರೆದು ಡೆಸ್ಕ್‌ಗೆ ಕೊಟ್ಟಿದ್ದೆ. ಹಿರಿಯ ಉಪಸಂಪಾದಕರು ಓದಿ, "ಬರಿಗಾಲು ಅಂತ 1950ರಲ್ಲಿ ಬಿಡಲಿಲ್ಲ ಅಂದ್ಮೇಲೆ, 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದ್ದು ಹೇಗಯ್ಯಾ?" ಎಂದು ಕಾಪಿ ವಾಪಸ್ ಕೊಟ್ಟರು. ನನ್ನ ಬಳಿ ಉತ್ತರವಿರಲಿಲ್ಲ. ಈ ಕತೆ ಹೇಳುವ ಯಾರನ್ನಾದರೂ ಇದೊಂದು ಪ್ರಶ್ನೆ ಕೇಳಿ ನೋಡಿ.

ಮೊದಲನೆಯದಾಗಿ, ನಾವು ಯಾರನ್ನೋ ಸೋಲಿಸಿ ಅರ್ಹತೆ ಪಡೆದದ್ದಲ್ಲ. ಅರ್ಹತಾ ಸುತ್ತಿನಲ್ಲಿ ನಮ್ಮ ಜೊತೆ ಇದ್ದ ಬರ್ಮಾ, ಫಿಲಿಪ್ಪೀನ್ಸ್ ಹಿಂದೆ ಸರಿದವು, ಜಾಗ ನಮಗೆ ಬಂತು. ಬ್ರೆಜಿಲ್‌ನಲ್ಲಿ ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿಗೆ ನಮ್ಮನ್ನು ಹಾಕಿದರು. ಪ್ರಯಾಣದ ಖರ್ಚಿನ ದೊಡ್ಡ ಪಾಲನ್ನು ತಾವೇ ಕೊಡುತ್ತೇವೆ ಅಂತ ಬ್ರೆಜಿಲ್‌ನವರು ಹೇಳಿದ್ದೂ ಉಂಟು. ಹೀಗಿದ್ದೂ ಟೂರ್ನಿ ಹತ್ತಿರ ಬಂದಾಗ ನಮ್ಮ ಫುಟ್‌ಬಾಲ್ ಫೆಡರೇಷನ್ ಬರುವುದಿಲ್ಲ ಎಂದಿತು. ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ ಎಂಬುದು ಅವರು ಕೊಟ್ಟ ಕಾರಣ. ಕೊನೆಗೆ ಆ ವಿಶ್ವಕಪ್‌ನಲ್ಲಿ ಆಡಿದ್ದು 13 ತಂಡಗಳು ಮಾತ್ರ.

ಆಗಿನ ದೊಡ್ಡ ಆಟಗಾರ ಶೈಲೇನ್ ಮನ್ನಾ ಮುಂದೆ ಹೇಳಿಕೊಂಡಂತೆ, ಆ ಕಾಲದಲ್ಲಿ ನಮ್ಮವರಿಗೆ ಒಲಿಂಪಿಕ್ಸೇ ಸರ್ವಸ್ವ, ವಿಶ್ವಕಪ್ ಎಷ್ಟು ದೊಡ್ಡದು ಎಂಬ ಅರಿವೇ ಇರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬರಿಗಾಲಿನ ಕತೆ ಇಷ್ಟು ದಿನ ಬಾಳಿದ್ದು ಅದು ಎಲ್ಲರಿಗೂ ಅನುಕೂಲವಾಗಿರುವುದರಿಂದ. ಆಟಗಾರ ಬಡವ, ಫಿಫಾ ಕ್ರೂರಿ, ಕಚೇರಿಯಲ್ಲಿ ಕುಳಿತು ತೀರ್ಮಾನ ಮಾಡಿದವರ ಹೆಸರೇ ಬರುವುದಿಲ್ಲ!

ಮರುಪ್ರಶ್ನೆ (ಅದೇ ವಿದ್ಯಾರ್ಥಿ): ಹಾಗಾದ್ರೆ ಬರಿಗಾಲಲ್ಲಿ ಆಡಿದ್ದೇ ಸುಳ್ಳಾ ಸರ್?

ಉತ್ತರ: ಅಯ್ಯೋ, ಅದು ನೂರಕ್ಕೆ ನೂರು ನಿಜ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಇಳಿದ ನಮ್ಮ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟು ಇರಲಿಲ್ಲ. ನಾಯಕ ತಾಲಿಮೆರೆನ್ ಆವೊ, ನಾಗಾ ಬೆಟ್ಟಗಳಿಂದ ಬಂದು ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತ ಮೋಹನ್ ಬಾಗಾನ್ ಕ್ಲಬ್‌ಗೆ ಆಡುತ್ತಿದ್ದವರು. ಬೂಟಿಲ್ಲದೆ ಯಾಕೆ ಆಡ್ತೀರಿ ಎಂದವರಿಗೆ "ನಾವು ಆಡೋದು ಫುಟ್‌ಬಾಲ್, ನೀವು ಆಡೋದು ಬೂಟ್‌ಬಾಲ್" ಎಂದರು ಅಂತ ಒಂದು ಮಾತು ಇವತ್ತಿಗೂ ಓಡಾಡುತ್ತದೆ. ಅಂದರೋ ಇಲ್ಲವೋ, ಮಾತು ಮಾತ್ರ ಚೆನ್ನಾಗಿದೆ.

ಆ ಪಂದ್ಯ 2-1ರಲ್ಲಿ ಫ್ರಾನ್ಸ್ ಪಾಲಾಯಿತು. ಗೆಲುವಿನ ಗೋಲು ಬಂದದ್ದು ಆಟ ಮುಗಿಯುವ ಹೊತ್ತಿಗೆ. ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಹಾಳಾದವು. ಇದನ್ನು ಓದಿದಾಗೆಲ್ಲ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಬೂಟಿಲ್ಲದಿರುವುದು ಬರೀ ಬಡತನದ ಪ್ರಶ್ನೆಯಲ್ಲ. ಆಗಿನ ಬೂಟು ಗಟ್ಟಿ ಚರ್ಮದ್ದು, ಭಾರ. ಚಿಕ್ಕಂದಿನಿಂದ ಬರಿಗಾಲಲ್ಲಿ ಆಡಿದವನಿಗೆ ಚೆಂಡು ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು, ಬೂಟು ಹಾಕಿದರೆ ಆ ಹಿಡಿತ ಹೋಗುತ್ತಿತ್ತು. ಒಣ ನೆಲದಲ್ಲಿ ಇದು ನಡೆಯಿತು. ಹೆಲ್ಸಿಂಕಿಯ ಚಳಿಯಲ್ಲಿ, ಒದ್ದೆ ಹುಲ್ಲಿನ ಮೇಲೆ ನಡೆಯಲಿಲ್ಲ. ಯುಗೊಸ್ಲಾವಿಯಾ 10-1ರಿಂದ ಬಡಿದು ಕಳಿಸಿತು. ಅದಾದ ಮೇಲೆಯೇ ಬೂಟು ಕಡ್ಡಾಯವಾದದ್ದು. ಅಂದರೆ ಬೂಟು ಹಾಕಿಸಿದ್ದು ಫಿಫಾ ಅಲ್ಲ, ಆ ಹತ್ತು ಗೋಲು.

ಪ್ರಶ್ನೆ (ನಿವೃತ್ತ ಬ್ಯಾಂಕ್ ನೌಕರರು): ನಮ್ಮ ತಂದೆಯವರು ದಂಡು ಪ್ರದೇಶದಲ್ಲಿ ಮ್ಯಾಚ್ ನೋಡಲು ಸೈಕಲ್ ತುಳಿದುಕೊಂಡು ಹೋಗುತ್ತಿದ್ದರಂತೆ. ಆ ಕಾಲದ ತಂಡದಲ್ಲಿ ನಮ್ಮ ಕಡೆಯವರು ಎಷ್ಟು ಜನ ಇದ್ದರು? ಕಲ್ಕತ್ತೆಯವರ ಹೆಸರೇ ಕೇಳಿಸುತ್ತದೆ.

ಉತ್ತರ: ಒಳ್ಳೆಯ ಪ್ರಶ್ನೆ ಯಜಮಾನರೇ. ಲಂಡನ್‌ನಲ್ಲಿ ಫ್ರಾನ್ಸ್ ವಿರುದ್ಧ ಬಂದ ಆ ಒಂದು ಗೋಲು, ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು. ಅದನ್ನು ಹೊಡೆದ ಸಾರಂಗಪಾಣಿ ರಾಮನ್ ಮೈಸೂರಿನ ಪರ ಆಡುತ್ತಿದ್ದವರು. ಅಂದು ನಮ್ಮ ಗೋಲು ಕಾದ ಕೆ.ವಿ. ವರದರಾಜ್ ಕೂಡ ಮೈಸೂರಿನವರೇ. ಇನ್ನು ಅಹ್ಮದ್ ಖಾನ್, ಬೆಂಗಳೂರಿನ ಹುಡುಗ. ಹೆಲ್ಸಿಂಕಿಯ ಆ ದುರಂತದಲ್ಲಿ ಭಾರತದ ಏಕೈಕ ಗೋಲು ಇವರದೇ. ಕಲ್ಕತ್ತೆಯ ಈಸ್ಟ್ ಬೆಂಗಾಲ್‌ನಲ್ಲಿ ಅಹ್ಮದ್ ಖಾನ್, ಸಾಲೇಹ್, ಅಪ್ಪಾರಾವ್, ವೆಂಕಟೇಶ್, ಧನರಾಜ್ ಐವರನ್ನು ಪಂಚಪಾಂಡವರು ಎಂದೇ ಕರೆಯುತ್ತಿದ್ದರು. ಮೆಲ್ಬರ್ನ್ ಒಲಿಂಪಿಕ್ಸ್‌ನ ಹಾಫ್‌ಬ್ಯಾಕ್ ಕೆಂಪಯ್ಯ ನಮ್ಮವರು. 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ ಬೆಂಗಳೂರಿನವರು.

ಇದಕ್ಕೆಲ್ಲ ಬುನಾದಿ ನಿಮ್ಮ ತಂದೆಯವರು ಸೈಕಲ್ ತುಳಿದ ಆ ದಂಡು ಪ್ರದೇಶವೇ. ಬ್ರಿಟಿಷ್ ಪಡೆಗಳ ಜೊತೆ ಆಡಿ ಆಡಿ ಅಲ್ಲಿನ ಹುಡುಗರು ಹುರಿಗೊಂಡರು. ಮುಂಬೈನ ರೋವರ್ಸ್ ಕಪ್ ಬಹುಕಾಲ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್, ಮರುವರ್ಷವೂ ಬಿಟ್ಟುಕೊಡಲಿಲ್ಲ. ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ. ಕೊನೆಯದು 1968-69ರಲ್ಲಿ. ಅಲ್ಲಿಂದ ಮುಂದಿನ ಸಂತೋಷ್ ಟ್ರೋಫಿಗೆ 2023ರವರೆಗೆ, ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸುವವರೆಗೆ ಕಾಯಬೇಕಾಯಿತು.

ಪ್ರಶ್ನೆ (ಪ್ರೌಢಶಾಲೆ ಪಿ.ಟಿ. ಮೇಡಂ): ರಹೀಂ ಅವರ ಬಗ್ಗೆ ಹೇಳಿ ಸರ್. ಅವರೂ ಮೇಷ್ಟ್ರೇ ಆಗಿದ್ದರಂತಲ್ಲ?

ಉತ್ತರ: ಹೌದು ಮೇಡಂ. ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನಲ್ಲಿ ಶಾಲಾ ಮಾಸ್ತರರಾಗಿದ್ದವರು. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿ, ಅಲ್ಲಿಂದ ರಾಷ್ಟ್ರೀಯ ತಂಡಕ್ಕೆ ಕೋಚ್ ಆಗಿ ಬಂದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಮೇವಾಲಾಲ್ ಹೊಡೆದ ಗೋಲಿನಿಂದ ಇರಾನ್ ವಿರುದ್ಧ 1-0 ಗೆಲುವು, ಚಿನ್ನ.

ಹೆಲ್ಸಿಂಕಿಯಲ್ಲಿ ಹೊಡೆತ ತಿಂದ ಮೇಲೆ ಅವರು ಆಟದ ರೀತಿಯನ್ನೇ ಬದಲಿಸಿದರು. ಹಂಗೇರಿಯವರು ಸೆಂಟರ್ ಫಾರ್ವರ್ಡ್ ಆಟಗಾರನನ್ನು ಹಿಂದಕ್ಕೆ ಎಳೆದು ಎದುರಾಳಿಯ ಡಿಫೆಂಡರನ್ನು ಗೊಂದಲಕ್ಕೆ ಕೆಡವುತ್ತಿದ್ದರಲ್ಲ, ಅದನ್ನು ನಮ್ಮ ಹುಡುಗರಿಗೆ ಒಗ್ಗಿಸಿದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಇದರ ಫಲ ಸಿಕ್ಕಿತು. ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದೆವು, ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದವನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯಾ. ಮೊದಲ ಗೋಲು ನಮ್ಮದೇ, ಮತ್ತೆ ನೆವಿಲ್. ಆಮೇಲೆ ನಾಲ್ಕು ತಿಂದೆವು, ಅದು ಬೇರೆ ಮಾತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3-0. ನಾಲ್ಕನೇ ಸ್ಥಾನ. ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ಏರಿದ ಅತಿ ಎತ್ತರ ಇವತ್ತಿಗೂ ಅದೇ.

ನನಗೆ ಮಾತ್ರ ಅದಕ್ಕಿಂತ 1962ರ ಜಕಾರ್ತಾ ಇಷ್ಟ. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಇಂಡೊನೇಷ್ಯಾ ಹೊರಗಿಟ್ಟಿದ್ದನ್ನು ಭಾರತದ ಅಧಿಕಾರಿಯೊಬ್ಬರು ಟೀಕಿಸಿದ್ದರು. ಊರಿಗೆ ಊರೇ ನಮ್ಮ ಮೇಲೆ ತಿರುಗಿಬಿತ್ತು. ಕ್ರೀಡಾಂಗಣದ ತುಂಬ ಕೂಗಾಟ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ವಿರುದ್ಧ 2-0 ಸೋಲು. ಥಾಯ್ಲೆಂಡ್ ಪಂದ್ಯ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದು ಹೊಲಿಗೆ ಬಿತ್ತು. ಆಗ ರಹೀಂ ಏನು ಮಾಡಿದರು ಗೊತ್ತಾ? ಗಾಯದ ತಲೆಯ ಆ ಡಿಫೆಂಡರನ್ನು ಸೆಮಿಫೈನಲ್‌ನಲ್ಲಿ ಮುಂದೆ, ಸ್ಟ್ರೈಕರ್ ಆಗಿ ನಿಲ್ಲಿಸಿದರು! ದಕ್ಷಿಣ ವಿಯೆಟ್ನಾಂ ವಿರುದ್ಧ ಜರ್ನೈಲ್ ಗೋಲು ಹೊಡೆದರು. ಫೈನಲ್‌ನಲ್ಲಿ ಮತ್ತದೇ ಕೊರಿಯಾ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, 2-1. ಅಂದು ನಮ್ಮ ಪರವಾಗಿ ಕೂಗಿದ್ದು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಆ ತಂಡದವರು ನೆನೆಯುತ್ತಿದ್ದರು.

ರಹೀಂ ಸಾಹೇಬರಿಗೆ ಆಗಲೇ ಕ್ಯಾನ್ಸರ್. 1963ರ ಜೂನ್‌ನಲ್ಲಿ ತೀರಿಕೊಂಡರು.

ಪ್ರಶ್ನೆ (ಐಟಿ ಉದ್ಯೋಗಿ): ಅಷ್ಟು ಚೆನ್ನಾಗಿದ್ದ ತಂಡ ಬಿದ್ದಿದ್ದು ಯಾಕೆ? ಕ್ರಿಕೆಟ್ ತಿಂದು ಹಾಕಿತು ಅಂತಾರೆ.

ಉತ್ತರ: ಕ್ರಿಕೆಟ್‌ಗೆ ಬೈಯುವುದು ಸುಲಭ. ದಿನಾಂಕ ನೋಡಿ. ಕ್ರಿಕೆಟ್ ವಿಶ್ವಕಪ್ ಗೆದ್ದದ್ದು 1983ರಲ್ಲಿ. ಫುಟ್‌ಬಾಲ್‌ನಲ್ಲಿ 1964ರ ಏಷ್ಯಾ ಕಪ್‌ನ ಎರಡನೇ ಸ್ಥಾನ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ಕಂಚು, ಅಲ್ಲಿಗೆ ನಮ್ಮ ಗಂಟು ಖಾಲಿ. ಒಲಿಂಪಿಕ್ಸ್ ಮುಖ ನೋಡಿದ್ದಂತೂ 1960ರ ರೋಮ್‌ನಲ್ಲೇ ಕೊನೆ. ಅಲ್ಲಿ ಫ್ರಾನ್ಸ್ ಜೊತೆ 1-1 ಡ್ರಾ ಮಾಡಿಕೊಂಡಿದ್ದೆವು. ಕ್ರಿಕೆಟ್ ಬರುವ ಮೊದಲೇ ಮನೆ ಸೋರುತ್ತಿತ್ತು.

ನನ್ನ ಲೆಕ್ಕ ಇಷ್ಟು. ನಮ್ಮಲ್ಲಿ ಇದ್ದದ್ದು ಒಬ್ಬ ರಹೀಂ, ವ್ಯವಸ್ಥೆ ಅಲ್ಲ. ಅವರು ಹೋದ ಮೇಲೆ ಅವರ ಟಿಪ್ಪಣಿಯನ್ನು ಮುಂದುವರಿಸುವ ಶಾಲೆಯೇ ಇರಲಿಲ್ಲ. ಜಗತ್ತು 90 ನಿಮಿಷ ಆಡುವಾಗ ನಮ್ಮ ದೇಶೀಯ ಪಂದ್ಯಗಳು ಬಹುಕಾಲ 70 ನಿಮಿಷದವು, ಕೊನೆಯ ಇಪ್ಪತ್ತು ನಿಮಿಷಕ್ಕೆ ಕಾಲು ಪಳಗುವುದು ಎಲ್ಲಿಂದ? ಜಕಾರ್ತಾದಲ್ಲಿ ನಾವು ಜಪಾನನ್ನು 2-0ರಿಂದ ಸೋಲಿಸಿದ್ದೆವು. ಅವರು ಜರ್ಮನಿಯ ಕೋಚ್ ಡೆಟ್ಮಾರ್ ಕ್ರಾಮರ್ ಅವರನ್ನು ಕರೆಸಿ ಕಲಿತರು, 1965ರಲ್ಲೇ ರಾಷ್ಟ್ರೀಯ ಲೀಗ್ ಶುರು ಮಾಡಿದರು, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ನಮ್ಮ ರಾಷ್ಟ್ರೀಯ ಲೀಗ್ ಬಂದದ್ದು 1996ರಲ್ಲಿ. ಇನ್ನೂ ಒಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ: ಐವತ್ತರ ದಶಕದಲ್ಲಿ ಏಷ್ಯಾದ ಬೇರೆ ದೇಶಗಳಲ್ಲಿ ಯುದ್ಧದ ಗಾಯ ಇನ್ನೂ ಮಾಗಿರಲಿಲ್ಲ. ನಾವು ಎತ್ತರವಾಗಿ ಕಂಡದ್ದರಲ್ಲಿ ಅದರ ಪಾಲೂ ಇದೆ.

ಮರುಪ್ರಶ್ನೆ (ಅದೇ ಉದ್ಯೋಗಿ): ರ್‍ಯಾಂಕಿಂಗ್ ಹೇಳಿ ಬಿಡಿ ಸರ್, ಚುಟುಕಾಗಿ.

ಉತ್ತರ: ಫಿಫಾ ಪಟ್ಟಿಯಲ್ಲಿ ಅತ್ಯುತ್ತಮ 94, 1996ರಲ್ಲಿ. ಅತಿ ಕೆಟ್ಟದ್ದು 173, 2015ರಲ್ಲಿ. ಮಧ್ಯೆ ಸಣ್ಣ ಸಂತೋಷಗಳು: 2019ರ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4-1, ಅದೇ ವರ್ಷ ದೋಹಾದಲ್ಲಿ ಕತಾರ್ ಜೊತೆ 0-0, 2023ರಲ್ಲಿ ನಮ್ಮ ಕಂಠೀರವದಲ್ಲೇ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್. ಆ ರಾತ್ರಿ ಪ್ರೆಸ್ ಬಾಕ್ಸ್‌ನಲ್ಲಿ ನಾನೂ ಕೂಗಿದೆ, ಕೂಗಬಾರದು ಎಂಬುದು ನಮ್ಮ ಕಸುಬಿನ ಕಟ್ಟುಪಾಡು.

ಪ್ರಶ್ನೆ (ಹತ್ತನೇ ತರಗತಿ ಹುಡುಗ, ಅಮ್ಮನ ಫೋನಿನಿಂದ): ಅಂಕಲ್, ಛೆಟ್ರಿ ರಹೀಂ ಸರ್ ಟೀಮಲ್ಲಿ ಇದ್ದಿದ್ರೆ ಹೇಗಿರ್ತಿತ್ತು?

ಉತ್ತರ: ಪುಟ್ಟಾ, ಇಬ್ಬರೂ ಹೈದರಾಬಾದ್-ಸಿಕಂದರಾಬಾದ್ ಅವಳಿ ನಗರದ ಕಡೆಯವರೇ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ. 2024ರಲ್ಲಿ ವಿದಾಯ ಹೇಳಿದಾಗ ದೇಶಕ್ಕಾಗಿ 94 ಗೋಲು ಇತ್ತು. 2025ರ ಮಾರ್ಚ್‌ನಲ್ಲಿ ವಾಪಸ್ ಬಂದು ಮಾಲ್ಡೀವ್ಸ್ ಮೇಲೆ ಇನ್ನೊಂದು ಹೊಡೆದ. ರಹೀಂ ಸಾಹೇಬರು ಆಟಗಾರರ ದುರ್ಬಲ ಕಾಲನ್ನು ಸರಿಪಡಿಸಲು, ಬರೀ ಆ ಕಾಲಿನಿಂದಲೇ ಒದೆಯಬೇಕು ಎಂಬ ನಿಯಮ ಹಾಕಿ ಪಂದ್ಯ ಆಡಿಸುತ್ತಿದ್ದರಂತೆ. ಆದ್ದರಿಂದ ಛೆಟ್ರಿ ಸಿಕ್ಕಿದ್ದರೆ ಮೊದಲ ದಿನ ಗೋಲು ಹೊಡೆಯಲು ಬಿಡುತ್ತಿರಲಿಲ್ಲ, "ಎಲ್ಲಿ, ಎಡಗಾಲು ತೋರಿಸು" ಅನ್ನುತ್ತಿದ್ದರು. ಈಗ ಫೋನ್ ಅಮ್ಮನಿಗೆ ಕೊಡು.